ಅತ್ತೆ ಹೆಸರಿಟ್ಟ ನಕ್ಷತ್ರ ಮೀನು

ಕುಮುದಾ ಅತ್ತೆ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಮುಖವಲ್ಲ, ಬೆನ್ನು. ಅಮೆರಿಕದ ಗ್ಯಾಲ್ವೆಸ್ಟನ್ ಕಡಲತೀರದಲ್ಲಿ ಗ್ರಾನೈಟ್ ಬಂಡೆಗಳನ್ನು ಪೇರಿಸಿ ಕಡಲಿನೊಳಕ್ಕೆ ಕಟ್ಟಿದ ಉದ್ದನೆಯ ಕಟ್ಟೆಯೊಂದಿದೆ. ಅದರ ಮೇಲೆ ಗಾಳ ಹಾಕಿಕೊಂಡು ಕೂತವರ ನಡುವೆ ಅತ್ತೆ ಹತ್ತಿಯ ಸೀರೆಯನ್ನು ಕಚ್ಚೆ ಹಾಕಿ ಎತ್ತಿ ಕಟ್ಟಿ, ಮಗನ ಹಳೆಯ ಸ್ಪೋರ್ಟ್ಸ್ ಶೂ ತೊಟ್ಟು, ಎರಡು ಬಂಡೆಗಳ ಸಂದಿಗೆ ತಲೆ ತೂರಿಸಿ ಬಗ್ಗಿರುತ್ತಿದ್ದರು. ಲೋಕದ ಪಾಲಿಗೆ ಬೆನ್ನು ಮಾತ್ರ. ಒಳಗಿನಿಂದ ದನಿ ಕೇಳುತ್ತಿತ್ತು: "ಎಲ್ಲಿದೀಯೋ ಮರಿ? ಬಾ, ನಾಚ್ಕೋಬೇಡ." ನಕ್ಷತ್ರ ಮೀನಿಗೆ ನಾಚಿಕೆ ಇತ್ತೋ ಇಲ್ಲವೋ, ನನಗಂತೂ ಇತ್ತು. ಟೋಪಿ ಹಾಕಿದ ಅಮೆರಿಕನ್ ಅಜ್ಜನೊಬ್ಬ ಗಾಳ ಬದಿಗಿಟ್ಟು ಹತ್ತಿರ ಬಂದು, ಏನಾದರೂ ಕಳೆದುಕೊಂಡಿದ್ದೀರಾ ಎಂದು ಆ ಬೆನ್ನನ್ನೇ ವಿಚಾರಿಸಿದಾಗ, ನಾನು ಕಾರಿನಲ್ಲಿ ಏನೋ ಮರೆತವಳಂತೆ ಪಾರ್ಕಿಂಗ್ ಕಡೆ ನಡೆದುಬಿಟ್ಟಿದ್ದೆ.

ನಾಚಿಕೆಯ ವಿಷಯದಲ್ಲಿ ನಾನು ಮೊದಲಿನಿಂದಲೂ ಧಾರಾಳಿ. ಬೆಂಗಳೂರಿನ ವಠಾರವೊಂದರಲ್ಲಿ, ಪಕ್ಕದ ಮನೆಯವರು ಏನಂದುಕೊಳ್ಳುತ್ತಾರೋ ಎಂಬ ಮಾತನ್ನೇ ದಿನಕ್ಕೆ ಹತ್ತು ಸಲ ಕೇಳಿಕೊಂಡು ಬೆಳೆದವಳು. ಹ್ಯೂಸ್ಟನ್ನಿನ ಹೊರವಲಯದ ಸೈಪ್ರೆಸ್‌ನಲ್ಲಿ ಮನೆ ಕೊಂಡ ಮೇಲೂ ಅದೇ ಕಿವಿ. ಒಗ್ಗರಣೆ ಹಾಕುವ ಮುಂಚೆ ಕಿಟಕಿ ಮುಚ್ಚುತ್ತಿದ್ದೆ. ಹುಲ್ಲು ಅರ್ಧ ಇಂಚು ಹೆಚ್ಚು ಬೆಳೆದರೆ ನನ್ನ ಗಂಡ ಸುಧೀರನ ಪ್ರಾಣ ತಿನ್ನುತ್ತಿದ್ದೆ. ಇಸವಿ ಎರಡು ಸಾವಿರ ದಾಟಿದ ಹೊಸತು. ಬೀದಿಯ ಅರ್ಧ ಮನೆಗಳಿಗೆ ಇನ್ನೂ ಬಣ್ಣ ಬಳಿಯುತ್ತಿದ್ದರು. ಅಂಥ ಬೀದಿಗೆ ಆರು ತಿಂಗಳ ಮಟ್ಟಿಗೆ ಬಂದಿಳಿದವರು ನಮ್ಮ ಅತ್ತೆ ಮಾವ. ಮೊದಲ ವಾರವೇ ಅತ್ತೆ ಪಕ್ಕದ ಮನೆಯವರ ಸ್ಪ್ರಿಂಕ್ಲರ್ ಕೆಳಗೆ ಮಂಡಿಯೂರಿ ಒಂದು ಬಸವನಹುಳುವಿನ ಜೊತೆ ಕಾಲ ಕಳೆದರು. ನಾನು ಆ ಮನೆಯಾಕೆಗೆ ನಗುನಗುತ್ತಾ ಕೈಬೀಸಿ ಒಳಗೆ ಬಂದು ತಲೆ ಚಚ್ಚಿಕೊಂಡೆ.

ಅತ್ತೆ ಹುಟ್ಟಿದ್ದು ಮೈಸೂರಿನಲ್ಲಿ. ಕೆಲಸ ಸಿಕ್ಕಿದ್ದು ಕಾರವಾರದ ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರದ ಲೆಕ್ಚರರ್ ಆಗಿ. ಅಲ್ಲಿಯೇ ನಿವೃತ್ತರಾದರು. ಕೃಶ ದೇಹ, ದಪ್ಪ ಕನ್ನಡಕ, ಬಿಸಿಲಿಗೆ ಸುಟ್ಟು ಕಪ್ಪಾದ ಪಾದಗಳು. ಸುಮ್ಮನೆ ಮಾತಾಡುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಯಾರು ಏನೇ ಹೇಳಲಿ, ಕನ್ನಡಕದ ಮೇಲಿನಿಂದ ನೋಡಿ ಒಂದೇ ಪ್ರಶ್ನೆ ಹಾಕುತ್ತಿದ್ದರು: "ನೋಡಿದ್ದಾ, ಅನ್ನಿಸಿದ್ದಾ?" ಹುಳಿ ಕೆಟ್ಟುಹೋಗಿದೆ ಎಂದರೆ, "ನೋಡಿದ್ದಾ, ಅನ್ನಿಸಿದ್ದಾ?" ನನ್ನ ಮ್ಯಾನೇಜರಿಗೆ ನನ್ನ ಮೇಲೆ ಸಿಟ್ಟು ಎಂದರೆ ಅದಕ್ಕೂ ಅದೇ. ನನ್ನ ಜೀವನದ ಬಹುಪಾಲು ವಿಷಯಗಳು ಅನ್ನಿಸಿದ್ದೇ ಹೊರತು ನೋಡಿದ್ದಲ್ಲ ಎಂದು ನನಗೆ ಗೊತ್ತಾದದ್ದು ಆ ಆರು ತಿಂಗಳಲ್ಲಿ. ಎಂಟು ವರ್ಷದ ನನ್ನ ಮಗಳು ಅನನ್ಯಾ ಕೂಡ ಕೆಲವೇ ದಿನಗಳಲ್ಲಿ ಕಲಿತು ನನಗೇ ತಿರುಗಿಸಿ ಕೇಳತೊಡಗಿದಳು, ಇಂಗ್ಲಿಷಿನಲ್ಲಿ.

ಇಷ್ಟು ವಿಜ್ಞಾನದ ಹೆಂಗಸು ಗಂಡನ ಹೆಸರು ಹೇಳುತ್ತಿರಲಿಲ್ಲ. ಮಾವನ ಹೆಸರು ದತ್ತಾತ್ರೇಯ. ಅತ್ತೆಗೆ ಅವರು ಇವರು, ನಮ್ಮನೆಯವರು, ಸುಧೀರನ ಅಪ್ಪ, ಅಥವಾ ಬರೀ "ರೀ". ದತ್ತ ಜಯಂತಿ ಬಂದರೆ "ಆ ಮೂರು ತಲೆ ದೇವರ ಹಬ್ಬ" ಎನ್ನುತ್ತಿದ್ದರು. ಡಾಕ್ಟರ ಬಳಿ ಫಾರಂ ತುಂಬಿಸುವಾಗ ಗಂಡನ ಹೆಸರೇನು ಎಂದು ಕೇಳಿದರೆ ನನ್ನನ್ನು ಮೊಣಕೈಯಿಂದ ತಿವಿಯುತ್ತಿದ್ದರು. "ಇದೇನು ಅತ್ತೆ, ನೀವೂ ನಂಬ್ತೀರಾ ಇದನ್ನೆಲ್ಲ?" ಎಂದು ಒಮ್ಮೆ ಕೇಳಿದೆ. "ನಂಬೋದು ಗಿಂಬೋದು ಏನಿಲ್ಲ ಕಣೇ. ನಾಲಿಗೆ ಏಳಲ್ಲ, ಅಷ್ಟೇ" ಎಂದರು. ಅಂಥವರು ಮಾವನ ಹೆಸರನ್ನು ಬಾಯಿ ತುಂಬ ಹೇಳುತ್ತಿದ್ದ ಸಂದರ್ಭ ಒಂದೇ, ಅದೂ ಲ್ಯಾಟಿನ್ನಿನಲ್ಲಿ: "ಅಸ್ಟರೀನಾ ದತ್ತಾತ್ರೇಯಿ."

ಅದು ಕಾರವಾರದ ಬಂಡೆಗಳ ಅಡಿಯಲ್ಲಿ ಅವರು ಕಂಡುಹಿಡಿದ ನಕ್ಷತ್ರ ಮೀನು. ಐವತ್ತು ಪೈಸೆ ನಾಣ್ಯದಷ್ಟು ಗಾತ್ರ, ಬಂಡೆಯದೇ ಬಣ್ಣ. ಇಳಿತದ ಹೊತ್ತಿನಲ್ಲಿ, ನೀರು ಹಿಂದೆ ಸರಿದಾಗ, ಕಲ್ಲು ಮಗುಚಿದರೆ ಕಾಣುತ್ತದೆ. ನಕ್ಷತ್ರ ಮೀನುಗಳಿಗೆ ಸಾಮಾನ್ಯವಾಗಿ ಐದು ಕೈಯಾದರೆ ಇದಕ್ಕೆ ಆರು. ಮೂರು ದೊಡ್ಡವು, ಮೂರು ಸಣ್ಣವು. ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ, ಇದು ಹೊಸ ಜಾತಿ ಎಂದು ತಿಳಿದು ಅತ್ತೆ ಅದಕ್ಕೆ ಗಂಡನ ಹೆಸರಿಟ್ಟರು. ಅದಕ್ಕೆ ಕಾರಣವೂ ಇತ್ತು. ಮಾವ ಧಾರವಾಡದವರು, ಕಾರವಾರದ ಬಂದರು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಸಮುದ್ರ ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬ ಪಟ್ಟಿ ಮೊದಲು ಅವರ ಮೇಜಿಗೇ ಬರುತ್ತಿತ್ತು. ಹೊಸದಾಗಿ ಮದುವೆಯಾದ ಹೆಣ್ಣು ಒಬ್ಬಳೇ ಸೀರೆ ಎತ್ತಿ ಕಟ್ಟಿ ಬಂಡೆ ಹತ್ತುತ್ತಾಳೆ ಎಂದು ಊರು ಆಡಿಕೊಳ್ಳಬಾರದೆಂದು ಅವರೇ ಜೊತೆಗೆ ಹೋಗಿ, ಕೊಡೆ ಹಿಡಿದು ಬಂಡೆಯ ತುದಿಯಲ್ಲಿ ನಿಲ್ಲುತ್ತಿದ್ದರಂತೆ. "ನಾನು ತಲೆ ಬಗ್ಗಿಸಿದ್ರೆ ಕಡಲು ಕಾಣಲ್ಲ. ಇವರು ನೀರು ಬಂತು, ಏಳು ಅನ್ನೋರು. ಇವರಿಲ್ದಿದ್ರೆ ಯಾವಾಗ್ಲೋ ತೇಲಿ ಹೋಗಿರ್ತಿದ್ದೆ" ಎಂದು ಅತ್ತೆ ಹೇಳುತ್ತಿದ್ದರು. ಅವರ ಬಾಯಲ್ಲಿ ನಾನು ಕೇಳಿದ ಗಂಡನ ಹೊಗಳಿಕೆ ಅದೊಂದೇ.

ಆ ನಕ್ಷತ್ರ ಮೀನು ಊಟ ಮಾಡುವ ವೈಖರಿಯನ್ನು ನಮ್ಮ ಮನೆಗೆ ಬಂದವರಿಗೆಲ್ಲ, ಅವರು ಊಟ ಮಾಡುತ್ತಿರುವಾಗಲೇ, ಅತ್ತೆ ವಿವರಿಸುತ್ತಿದ್ದರು. "ನಾವು ಊಟಾನ ಹೊಟ್ಟೆಗೆ ಹಾಕ್ಕೋತೀವಿ. ಅದು ಹೊಟ್ಟೆನೇ ಬಾಯಿಂದ ಹೊರಗೆ ಹಾಕಿ ಊಟದ ಮೇಲೆ ಹಾಸುತ್ತೆ. ಬಂಡೆ ಮೇಲಿನ ಪಾಚಿನೆಲ್ಲ ಹೀಗೆ ಹೊದ್ದುಕೊಂಡು ಅರಗಿಸಿ, ಆಮೇಲೆ ಹೊಟ್ಟೆ ಒಳಗೆ ಎಳ್ಕೊಳುತ್ತೆ." ಕೈಯಲ್ಲಿದ್ದ ಚಪಾತಿಯನ್ನು ಪಲ್ಯದ ಮೇಲೆ ಹಾಸಿ ತೋರಿಸುತ್ತಿದ್ದರು. ಬಂದವರು ಚಮಚ ಕೆಳಗಿಡುತ್ತಿದ್ದರು. ಅನನ್ಯಾ "ಅಜ್ಜಿ, ಗ್ರೋಸ್! ಡೂ ಇಟ್ ಅಗೇನ್!" ಎಂದು ಕಿರುಚುತ್ತಿದ್ದಳು. ಮಾವ ಹೆಮ್ಮೆಯಿಂದ ಕೂಡಿಸುತ್ತಿದ್ದರು: "ಬರೇ ಪಾಚಿ ತಿಂತದ್ರೀ. ನನ್ನ ಹೆಸರಿಂದು ಪಕ್ಕಾ ವೆಜಿಟೇರಿಯನ್!"

ಮಾವನ ಹೆಮ್ಮೆಯದೇ ಒಂದು ಕಥೆ. ಒಮ್ಮೆ ಡಾಲಸ್‌ನ ಸ್ನೇಹಿತರ ಮನೆಗೆ ಹೋದಾಗ ಅಲ್ಲೇ ಹತ್ತಿರದ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಗೆ ಸಾಮಾನಿಗೆ ಹೋಗಿದ್ದೆವು. ನಾನು ಕರಿಬೇವು ಆರಿಸುತ್ತಿರುವಾಗ ಮಾವ ಗಲ್ಲಾದಲ್ಲಿದ್ದ ಗುಜರಾತಿ ಯಜಮಾನನಿಗೆ ತಮ್ಮ ಹಿಂದಿಯಲ್ಲಿ ಹೇಳುತ್ತಿದ್ದರು: "ಭಾಯಿಸಾಬ್, ಮೇರೇ ನಾಮ್ ಕಾ ಏಕ್ ತಾರಾ ಮಛಲೀ ಹೈ." ಆತ ಮುಖ ಗಂಭೀರ ಮಾಡಿಕೊಂಡು, "ಅಂಕಲ್‌ಜೀ, ಮಛಲೀ ಇಧರ್ ನಹೀಂ ಮಿಲೇಗಾ. ಹಮ್ ಪ್ಯೂರ್ ವೆಜ್ ಹೈ" ಎಂದ. ಹಿಂದೆ ನಿಂತ ಸಾಲೆಲ್ಲ ನಕ್ಕಿತು. ನನಗೆ ಕರಿಬೇವಿನ ಕಂತೆಯ ಹಿಂದೆ ಮುಖ ಮರೆಸಿಕೊಳ್ಳುವಂತಾಯಿತು. ಮಾವನಿಗೇನೂ ಆಗಲಿಲ್ಲ. ಅವರು ಅದು ಮೀನಲ್ಲ, ಬೆನ್ನುಮೂಳೆ ಇಲ್ಲದ ಪ್ರಾಣಿ ಎಂದು ಮೊದಲಿನಿಂದ ವಿವರಿಸಲು ಶುರುಮಾಡಿದರು. ಅತ್ತೆ ಬೇಳೆಯ ಸಾಲಿನಲ್ಲಿ ನಿಂತು ಕೇಳದವರಂತೆ ಇದ್ದರು, ಆದರೆ ತುಟಿಯ ಕೊನೆಯಲ್ಲಿ ನಗು ಇತ್ತು.

ಹೀಗೆ ಸುದ್ದಿ ನಮ್ಮ ಹ್ಯೂಸ್ಟನ್ನಿನ ಕನ್ನಡ ಕೂಟಕ್ಕೂ ಮುಟ್ಟಿತು. ಅಧ್ಯಕ್ಷರು ನಾಗೇಂದ್ರ ಎಂಬುವರು. ಒಳ್ಳೆಯ ಮನುಷ್ಯ, ಆದರೆ ಕೈಗೆ ಮೈಕು ಸಿಕ್ಕಿದರೆ ಬಿಡುವವರಲ್ಲ. ಅವರೇ ಮನೆಗೆ ಬಂದು, ನವೆಂಬರಿನ ರಾಜ್ಯೋತ್ಸವದಲ್ಲಿ ಅತ್ತೆಗೆ ಸನ್ಮಾನ ಮಾಡುತ್ತೇವೆ ಎಂದರು. "ಕನ್ನಡತಿಯೊಬ್ಬರು ಹೊಸ ಜೀವಿ ಕಂಡುಹಿಡಿದಿದ್ದಾರೆ ಅಂದ್ರೆ ನಮಗೆಲ್ಲ ಹೆಮ್ಮೆ ಅಲ್ವಾ ಮೇಡಂ?" ಅತ್ತೆ ಬೇಡ ಎಂದರು. ಮಾವ ಬೇಕು ಎಂದರು. ಸುಧೀರನಿಗೆ ಅಮ್ಮನಿಗೆ ಏನಾದರೂ ದೊಡ್ಡದು ಮಾಡಬೇಕೆಂಬ ಆಸೆ ಮೊದಲಿನಿಂದ ಇತ್ತು. ಅವನು ಅಷ್ಟಕ್ಕೇ ನಿಲ್ಲಲಿಲ್ಲ. ಆಸ್ಟಿನ್ನಿನ ಒಂದು ಸಂಗ್ರಹಾಲಯದಲ್ಲಿ ಲೋಕದ ನಾನಾ ಕಡಲುಗಳ ನಕ್ಷತ್ರ ಮೀನುಗಳನ್ನು ಜಾಡಿಗಳಲ್ಲಿ ಇಟ್ಟಿದ್ದಾರೆಂದು ಯಾರಿಂದಲೋ ತಿಳಿದು, ಇಮೇಲ್ ಬರೆದು, ಅತ್ತೆಗೆ ಅದನ್ನು ನೋಡುವ ಏರ್ಪಾಟು ಮಾಡಿದ.

ರಾಜ್ಯೋತ್ಸವಕ್ಕೆ ಒಂದು ವಾರ ಇರುವಾಗ ನಾನೇ ಅತ್ತೆಯನ್ನು ಕೂರಿಸಿಕೊಂಡು ಆಸ್ಟಿನ್ನಿಗೆ ಡ್ರೈವ್ ಮಾಡಿದೆ. ಮಾವನಿಗೆ ನೆಗಡಿ, ಮನೆಯಲ್ಲೇ ಉಳಿದರು. ಅತ್ತೆ ಒಳ್ಳೆಯ ಸೀರೆ ಉಟ್ಟಿದ್ದರು. ಮಡಿಲಲ್ಲಿ ಕ್ಯಾಮೆರಾ ರೋಲಿನ ಒಂದು ಕಪ್ಪು ಡಬ್ಬಿ. ಅದರಲ್ಲಿ ಹತ್ತಿಯ ನಡುವೆ, ಊರಿನಿಂದ ತಂದ ಒಣಗಿದ ಎರಡು ದತ್ತಾತ್ರೇಯಿಗಳು. "ಅವರ ಹತ್ರ ಇದು ಇರಲ್ಲ. ಒಂದು ಕೊಟ್ಟು ಬರೋಣ" ಎಂದು ದಾರಿಯುದ್ದಕ್ಕೂ ಸಂಭ್ರಮಪಡುತ್ತಿದ್ದರು.

ಸಂಗ್ರಹಾಲಯದಲ್ಲಿ ನಮ್ಮನ್ನು ಬರಮಾಡಿಕೊಂಡವರು ಬಿಳಿ ಕೂದಲಿನ, ಮೆಲುದನಿಯ ಹೆಂಗಸು. ಅತ್ತೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೈಕ್ರೋಸ್ಕೋಪಿನ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ಸಣ್ಣ ಜಾಡಿ ತಂದು ಪಕ್ಕದಲ್ಲಿಟ್ಟರು. ಅದರೊಳಗೆ ಅದೇ ಇತ್ತು. ಅದೇ ಆರು ಕೈ, ಮೂರು ದೊಡ್ಡವು, ಮೂರು ಸಣ್ಣವು. ಜಾಡಿಯ ಮೇಲಿನ ಚೀಟಿಯಲ್ಲಿ ಹಳೆಯ ಕೈಬರಹದಲ್ಲಿ ಬೇರೆ ಯಾವುದೋ ಹೆಸರು. ಆಕೆ ನಿಧಾನವಾಗಿ ವಿವರಿಸಿದರು. ಈ ಜಾತಿ ತನ್ನನ್ನು ತಾನೇ ಎರಡಾಗಿ ಹರಿದುಕೊಂಡು ಮರಿ ಮಾಡುತ್ತದೆ. ಅರ್ಧ ದೇಹಕ್ಕೆ ಉಳಿದ ಕೈಗಳು ಹೊಸದಾಗಿ ಚಿಗುರುತ್ತವೆ, ಅದಕ್ಕೇ ಅವು ಸಣ್ಣವು. ಇದಕ್ಕೆ ಹೆಸರಿಟ್ಟು ಬಹಳ ಕಾಲವಾಯಿತು. ಅರ್ಧ ಮಾತಿಗೇ ಅತ್ತೆಗೆ ಅರ್ಥವಾಗಿತ್ತು ಎಂದು ನನಗೆ ಅವರ ಕೈ ನೋಡಿ ಗೊತ್ತಾಯಿತು. ಕನ್ನಡಕ ತೆಗೆದರು, ಸೆರಗಿನಲ್ಲಿ ಒರೆಸಿದರು, ಹಾಕಿಕೊಂಡು ಮತ್ತೊಮ್ಮೆ ಎರಡನ್ನೂ ನೋಡಿದರು. "ಯೆಸ್. ಸೇಮ್. ಯು ಆರ್ ರೈಟ್" ಎಂದರು. ಆಕೆ ಚಹಾ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ. ಡಬ್ಬಿ ತೆಗೆದುಕೊಳ್ಳುವುದನ್ನೇ ಮರೆತು ಹೊರಟಿದ್ದರು, ನಾನು ಎತ್ತಿಕೊಂಡೆ.

ವಾಪಸ್ ಬರುವಾಗ 290 ಹೆದ್ದಾರಿಯಲ್ಲಿ ಬ್ರೆನಮ್ ಊರು ದಾಟಿದೆವು. ಆಮೇಲೆ ಅತ್ತೆ ಕಿಟಕಿಯಾಚೆ ನೋಡುತ್ತಲೇ ಶುರುಮಾಡಿದರು. "ಆಗ್ಲೇ ಗೊತ್ತಾಗ್ಬೇಕಿತ್ತು ನನಗೆ. ಪೇಪರ್ ಬರೆದು ಬಾಂಬೆಯ ವಿಜ್ಞಾನ ಪತ್ರಿಕೆಗೆ ಕಳಿಸಿದ್ದೆ. ಇನ್ನೊಂದಷ್ಟು ಹುಡುಕಿ, ಸರಿಯಾಗಿ ಹೋಲಿಸಿ ನೋಡಿ ಅಂತ ವಾಪಸ್ ಕಳಿಸಿದ್ರು. ಅಷ್ಟರಲ್ಲಿ ಇವರು ತಮ್ಮ ಕಚೇರಿಗೆಲ್ಲ ಪೇಡೆ ಹಂಚಿಬಿಟ್ಟಿದ್ರು. ಧಾರವಾಡದಿಂದ ತರಿಸಿ ಹಂಚಿದ್ರು ಕಣೇ. ನನ್ನ ಹೆಸರಿನ ಪ್ರಾಣಿ ಅಂತ. ಅದು ಹೇಗೆ ಹೋಗಿ ಹೇಳ್ಲಿ, ಇನ್ನೂ ಆಗಿಲ್ಲ ಅಂತ? ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಟ್ಟೆ. ಅವರು ಅಚ್ಚು ಹಾಕಿದ್ರು. ಆಯ್ತು ಅಂದ್ಕೊಂಡೆ." ಮತ್ತೆ ಹೇಳಿದರು: "ಅಷ್ಟು ವರ್ಷ ಮಕ್ಕಳಿಗೆ ಅದನ್ನೇ ಪಾಠ ಮಾಡಿದೆ. ಒಬ್ಬಳು ಹುಡುಗಿ, ಗೋವಾ ಕಡೆಯವಳು, ಪರೀಕ್ಷೇಲಿ ಬೇರೆ ಹೆಸರು ಬರೆದಿದ್ಲು. ಇವತ್ತು ಆ ಚೀಟಿ ಮೇಲೆ ಇತ್ತಲ್ಲ, ಅದೇ ಹೆಸರು. ನಾನು ಮಾರ್ಕ್ಸ್ ಕಟ್ ಮಾಡಿದೆ. ವಾದ ಮಾಡಕ್ಕೆ ಬಂದ್ಲು. ಬೈದು ಕಳಿಸಿದೆ." ನಾನು ಏನೋ ಸಮಾಧಾನ ಹೇಳಹೊರಟೆ. "ಬೇಡ. ಯಾರಿಗೂ ಹೇಳ್ಬೇಡ. ನಾನೇ ಹೇಳ್ತೀನಿ" ಎಂದರು. ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ, ರಸ್ತೆ ನೋಡಿದೆ.

ಅವರು ಮೊದಲು ಹೇಳಿದ್ದು ಮಾವನಿಗೆ. ಮಾರನೆಯ ಮಧ್ಯಾಹ್ನ ನಾನು ಲಾಂಡ್ರಿ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಪಕ್ಕದ ಕೋಣೆಯ ಮಾತು ಕಿವಿಗೆ ಬಿತ್ತು. ಅತ್ತೆ ಎಲ್ಲವನ್ನೂ ಹೇಳಿ ಮುಗಿಸಿದ್ದರೆಂದು ತೋರುತ್ತದೆ. ಮಾವನ ದನಿ ತೀರಾ ಸಣ್ಣದಾಗಿತ್ತು.

"ಆ ಮ್ಯೂಸಿಯಂ ಬಾಯಾರಿಗೆ ಗೊತ್ತು, ನಿನಗ ಗೊತ್ತು. ಮತ್ಯಾರಿಗೆ ಗೊತ್ತಾಗ್ತದ? ಸುಮ್ಮನಿದ್ದುಬಿಡು."

"ಸುಮ್ನಿದ್ರೆ ಸುಳ್ಳು ಹೇಳಿದ ಹಾಗೇ ಆಗುತ್ತಲ್ಲ ರೀ. ಶಾಲು ಹೊದಿಸಿಕೊಂಡು ಹೇಗೆ ಕೂತ್ಕೊಳ್ಲಿ?"

"ನನ್ನ ಹೆಸರ್ಲೆ ಈ ಜಗತ್ತಿನಾಗ ಏನದ ಹೇಳು? ಹೊಲ ಇಲ್ಲ, ಮನಿ ಇಲ್ಲ. ಕ್ಲಾರ್ಕ್ ಅಂತ ಹೋದೆ, ಕ್ಲಾರ್ಕ್ ಅಂತ ಬಂದೆ. ಅದೊಂದು ಹುಳಾ ಇತ್ತು. ಅದನ್ನೂ ಕಸಕೋತಿ ಏನು?"

ನಾನು ಮಡಚಿದ್ದ ಟವೆಲ್ಲನ್ನೇ ಬಿಚ್ಚಿ ಮತ್ತೆ ಮಡಚಿದೆ. ಆ ಮಾತು ನನ್ನ ಕಿವಿಗೆ ಬೀಳಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ನಮ್ಮೆಲ್ಲರ ನಗೆಗೆ ವಸ್ತುವಾಗಿದ್ದ ಆ ಜಂಬದ ಕೆಳಗೆ ಇದ್ದದ್ದು ಇಷ್ಟೇ ಎಂದು ಗೊತ್ತಾದ ಮೇಲೆ, ಕ್ಯಾರಲ್ಟನ್ನಿನ ಅಂಗಡಿಯಲ್ಲಿ ಮುಖ ಮರೆಸಿಕೊಂಡದ್ದಕ್ಕೇ ನಾಚಿಕೆಯಾಯಿತು.

ರಾಜ್ಯೋತ್ಸವದ ದಿನ ಮಾವ ಸುಧೀರನ ಕೋಟು, ಟೈ ಹಾಕಿಕೊಂಡು ಬಂದು ಮೊದಲ ಸಾಲಿನಲ್ಲಿ ಕೂತರು. ಬಾಡಿಗೆಗೆ ಹಿಡಿದ ಹೈಸ್ಕೂಲು ಸಭಾಂಗಣ ತುಂಬಿತ್ತು. ಅತ್ತೆ ಏನು ಮಾಡುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ವೇದಿಕೆಯ ಮೇಲೆ ಮದುವೆ ಮನೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವಂಥ ಕೆಂಪು ಮಖಮಲ್ಲಿನ ಕುರ್ಚಿ. ಪಕ್ಕದ ಮೇಜಿನ ಮೇಲೆ ಶಾಲು, ಗಂಧದ ಹಾರ, ಹಣ್ಣಿನ ತಟ್ಟೆ, ಮೈಸೂರು ಪೇಟ, ಗಾಜು ಹಾಕಿಸಿದ ಸನ್ಮಾನ ಪತ್ರ. ಅತ್ತೆ ಕುರ್ಚಿಯಲ್ಲಿ ಕೂರದೆ ನೇರವಾಗಿ ನಾಗೇಂದ್ರರ ಬಳಿಗೆ ಹೋಗಿ, ಸನ್ಮಾನಕ್ಕೆ ಮೊದಲು ಎರಡು ಮಾತು ಹೇಳಬೇಕು ಎಂದರು. ಅವರು ಖುಷಿಯಿಂದ ಮೈಕು ಕೊಟ್ಟರು.

"ನೀವು ಸನ್ಮಾನ ಮಾಡ್ತಿರೋದು ನಾನು ಒಂದು ಹೊಸ ಜೀವಿ ಕಂಡುಹಿಡಿದೆ ಅಂತ" ಎಂದು ಅತ್ತೆ ತರಗತಿಯಲ್ಲಿ ಪಾಠ ಮಾಡುವ ದನಿಯಲ್ಲಿ ಹೇಳಿದರು. "ಅದು ಹೊಸದಲ್ಲ. ನಾನು ಹುಟ್ಟೋಕೆ ಮುಂಚೆನೇ ಬೇರೆಯವರು ಅದಕ್ಕೆ ಹೆಸರಿಟ್ಟಿದ್ರು. ನಾನು ಸರಿಯಾಗಿ ಹೋಲಿಸಿ ನೋಡಿರಲಿಲ್ಲ. ಹೋದ ವಾರ ನೋಡಿದೆ. ಹಾಗಾಗಿ ಈ ಸನ್ಮಾನಕ್ಕೆ ಕಾರಣ ಇಲ್ಲ. ದಯವಿಟ್ಟು ಬಿಟ್ಟುಬಿಡಿ."

ಚಪ್ಪಾಳೆ ಬಿತ್ತು. ಅದೂ ಎಂಥ ಚಪ್ಪಾಳೆ! ಹಿಂದಿನ ಸಾಲಿನವರು ಎದ್ದು ನಿಂತು ಹೊಡೆದರು. ನಾಗೇಂದ್ರ ಮೈಕು ಕಸಿದುಕೊಂಡು, "ನೋಡಿ ಸ್ನೇಹಿತರೇ, ದೊಡ್ಡವರ ದೊಡ್ಡತನ ಅಂದ್ರೆ ಇದು! ಎಂಥ ವಿನಯ! ಇಷ್ಟೆಲ್ಲ ಸಾಧನೆ ಮಾಡಿ, ನಾನೇನೂ ಮಾಡಿಲ್ಲ ಅಂತಾರಲ್ಲ! ಇನ್ನೊಂದು ಸಲ ಜೋರಾಗಿ!" ಎಂದು ಕೂಗಿದರು. ಅತ್ತೆ ಕೈಯೆತ್ತಿ ಅಲ್ಲ ಅಲ್ಲ ಎನ್ನುತ್ತಿದ್ದರು. ಅದನ್ನೂ ಜನ ವಿನಯವೆಂದೇ ತಿಳಿದರು. ನಮ್ಮಲ್ಲಿ ಸನ್ಮಾನ ಬೇಡ ಎನ್ನುವುದೂ ಸನ್ಮಾನದ ಒಂದು ಭಾಗವೇ ತಾನೇ? ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ ಕೂರಿಸಬೇಕು. ಸಮಿತಿಯ ಹೆಂಗಸರಿಬ್ಬರು ಬಂದು ಪ್ರೀತಿಯಿಂದಲೇ ಅವರ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಶಾಲು ಬಿತ್ತು, ಹಾರ ಬಿತ್ತು. ಪೇಟ ದೊಡ್ಡದಾಗಿ ಕನ್ನಡಕದವರೆಗೂ ಜಾರಿತು. ಒಬ್ಬರು ಗಂಟಲು ಸರಿಮಾಡಿಕೊಂಡು ಸನ್ಮಾನ ಪತ್ರ ಓದಿದರು: "ಅಸ್ಟರೀನಾ ದತ್ತಾತ್ರೇಯಿ ಎಂಬ ನೂತನ ಜೀವಿಯನ್ನು ಜಗತ್ತಿಗೆ ಪರಿಚಯಿಸಿದ ಹೆಮ್ಮೆಯ ಕನ್ನಡತಿ..." ಅಚ್ಚಾಗಿ, ಗಾಜು ಹಾಕಿಸಿದ ಮೇಲೆ ಅದನ್ನು ಓದದೆ ಬಿಡುವುದು ಯಾರಿಗೂ ಹೊಳೆಯುವಂತೆಯೇ ಇರಲಿಲ್ಲ. ಅತ್ತೆ ತಲೆ ತಗ್ಗಿಸಿ ಕೂತಿದ್ದರು. ತಪ್ಪು ಮಾಡಿ ಮೇಷ್ಟರ ಮುಂದೆ ಕೂತ ಮಗುವಿನ ಮುಖ ಅದು. ಸುಧೀರ ವಿಡಿಯೋ ತೆಗೆಯುತ್ತಿದ್ದ. ಮಾವನ ಮುಖದಲ್ಲಿ ಮಾತ್ರ ಅದುವರೆಗೂ ಇದ್ದ ಹೆದರಿಕೆ ಇಳಿದು, ಮೆಲ್ಲಗೆ ಒಂದು ನಗು ಬಂದಿತ್ತು. ಅವರ ಹೆಸರು ಉಳಿದಿತ್ತು.

ಓದು ಮುಗಿದದ್ದೇ ಅತ್ತೆ ಎದ್ದರು. ಪೇಟ ತೆಗೆದು ಹಣ್ಣಿನ ತಟ್ಟೆಯ ಮೇಲಿಟ್ಟರು. ಮೈಕು ಯಾರೂ ಕೊಡಲಿಲ್ಲ, ತಾವೇ ಹೋಗಿ ಹಿಡಿದುಕೊಂಡರು.

"ನಾನು ವಿನಯಕ್ಕೆ ಹೇಳಿದ್ದಲ್ಲ. ತಪ್ಪು ಮಾಡಿದೀನಿ ಅಂತ ಹೇಳಿದ್ದು. ಆ ಪ್ರಾಣಿ ಹೆಸರು ದತ್ತಾತ್ರೇಯಿ ಅಲ್ಲ. ದತ್ತಾತ್ರೇಯ ನನ್ನ ಗಂಡ. ಅಗೋ, ಮೊದಲನೇ ಸಾಲಲ್ಲಿ ಕೂತಿದಾರೆ. ದತ್ತಾತ್ರೇಯ ಅನ್ನೋರ ಹೆಸರಲ್ಲಿ ಯಾವ ನಕ್ಷತ್ರ ಮೀನೂ ಇಲ್ಲ. ಇದೆ ಅಂತ ಇಷ್ಟು ವರ್ಷ ಅವರನ್ನ ನಂಬಿಸಿದವಳು ನಾನು. ನನಗೆ ನಾಚಿಕೆ ಆಗ್ತಿದೆ. ಚಪ್ಪಾಳೆ ಹೊಡೀಬೇಡಿ."

ಯಾರೂ ಹೊಡೆಯಲಿಲ್ಲ. ಹಿಂದೆಲ್ಲೋ ಯಾರೋ ಕಿಸಕ್ಕೆಂದರು. ನನ್ನ ಪಕ್ಕದಲ್ಲಿದ್ದ ವಯಸ್ಸಾದ ಆಂಟಿಯೊಬ್ಬರು "ಗಂಡನ ಹೆಸರು ಹಿಡಿದು..." ಎಂದು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ನಾಗೇಂದ್ರ ಮೈಕು ವಾಪಸ್ ತೆಗೆದುಕೊಂಡು, "ಧನ್ಯವಾದಗಳು ಮೇಡಂ. ಈಗ ನಮ್ಮ ಪುಟಾಣಿಗಳಿಂದ ಕೋಲಾಟ" ಎಂದರು. ಮಾವ ತಮ್ಮ ಟೈಯನ್ನೇ ನೋಡುತ್ತಾ ಕೂತಿದ್ದರು. ಊಟದ ಸಾಲಿನಲ್ಲಿ ಬಿಸಿಬೇಳೆ ಬಾತಿನ ತಟ್ಟೆ ಹಿಡಿದು ಎಷ್ಟೋ ಜನ ನನ್ನ ಬಳಿ ಬಂದು, ನಿಮ್ಮ ಅತ್ತೆ ಎಷ್ಟು ಸಿಂಪಲ್, ಎಷ್ಟು ಡೌನ್ ಟು ಅರ್ಥ್ ಎಂದು ಹೊಗಳಿದರು. ಮಾವನ ಬಳಿ ಯಾರೂ ಹೋಗಲಿಲ್ಲ.

ಕಾರಿನಲ್ಲಿ ಬರುವಾಗ ಮಾವ ಒಂದೇ ಮಾತು ಆಡಿದರು. "ಇಷ್ಟು ವರ್ಷ ಸಂಸಾರ ಮಾಡಿದ್ವಿ. ಒಮ್ಮೆನೂ ನನ್ನ ಹೆಸರು ತಗೊಳ್ಳಿಲ್ಲ ಅಕಿ. ತಗೊಂಡಿದ್ದು ಇದಕ್ಕ." ಹಿಂದಿನ ಸೀಟಿನಲ್ಲಿ ಅವರ ಪಕ್ಕದಲ್ಲೇ ಅತ್ತೆ ಇದ್ದರು. ಶಾಲನ್ನು ಸಣ್ಣದಾಗಿ, ಇನ್ನೂ ಸಣ್ಣದಾಗಿ ಮಡಚುತ್ತಿದ್ದರು.

ಆಮೇಲೆ ಗ್ಯಾಲ್ವೆಸ್ಟನ್ನಿಗೆ ಹೋಗೋಣವೇ ಎಂದು ಸುಧೀರ ಎರಡು ಸಲ ಕೇಳಿದ. ಅತ್ತೆ ಬೇಡ ಎಂದರು. ಅವನು ಸನ್ಮಾನ ಪತ್ರವನ್ನು ಹಾಲ್‌ನಲ್ಲಿ ನೇತುಹಾಕಿದ್ದ. ಒಂದು ದಿನ ಬಂದು ನೋಡಿದರೆ ಅತ್ತೆ ಸ್ಟೂಲು ಹತ್ತಿ ಅದನ್ನು ಇಳಿಸಿ ಮುಖ ಗೋಡೆಗೆ ತಿರುಗಿಸಿ ಇಟ್ಟಿದ್ದರು. ಮಾವ ಅತ್ತೆಯೊಂದಿಗೆ ಮಾತು ಬಿಟ್ಟಿರಲಿಲ್ಲ. ಮಾತ್ರೆ ತಗೊಂಡ್ಯಾ, ಟಿವಿ ಸಣ್ಣ ಮಾಡು ಎಂಬಷ್ಟು ಇತ್ತು. ಆದರೆ ಅಂಗಡಿಗೆ ಕರೆದರೆ ಕಾರಿನಲ್ಲೇ ಕೂರುತ್ತಿದ್ದರು. ಎದುರಿಗೆ ಯಾರಾದರೂ ಭಾರತದವರು ಕಂಡು ನಮಸ್ಕಾರ ಅಂಕಲ್ ಎಂದರೆ ನಮಸ್ಕಾರ ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು. ಅವರ ಬಾಯಿ ಮುಚ್ಚಿದರೆ ಸಾಕೆಂದು ಎಷ್ಟೋ ಸಲ ಹಾರೈಸಿದ್ದ ನನಗೆ ಆ ಮೌನ ತಡೆಯಲಾಗಲಿಲ್ಲ.

ಡಿಸೆಂಬರಿನಲ್ಲಿ ಅವರನ್ನು ಹ್ಯೂಸ್ಟನ್ ವಿಮಾನ ನಿಲ್ದಾಣಕ್ಕೆ ಬಿಟ್ಟೆವು. ಮಾವ ಮತ್ತು ಸುಧೀರ ಸೂಟ್‌ಕೇಸ್ ತೂಕ ಹಾಕಿಸುತ್ತಿದ್ದಾಗ ಅತ್ತೆ ನನ್ನ ಕೈ ಹಿಡಿದುಕೊಂಡು, "ನನ್ನ ಬಗ್ಗೆ ಇಲ್ಲಿ ಯಾರಾದ್ರೂ ಕೇಳಿದ್ರೆ ಕಾಲೇಜಲ್ಲಿ ಪಾಠ ಹೇಳ್ತಿದ್ರು ಅಂತ ಹೇಳು. ಅಷ್ಟು ಸಾಕು. ಅದು ಮಾತ್ರ ಅನ್ನಿಸಿದ್ದಲ್ಲ, ನೋಡಿದ್ದು" ಎಂದರು. ಆಯಿತು ಅತ್ತೆ ಎಂದೆ. "ಇವರಿಗೆ ಬೇರೆ ಏನಾದ್ರೂ ಕೊಡ್ಬೇಕಿತ್ತು ಕಣೇ. ನನ್ನ ಹತ್ರ ಬೇರೆ ಏನಿದೆ?" ಎಂದರು. ಸೆಕ್ಯೂರಿಟಿಯ ಸಾಲಿನಲ್ಲಿ ಬಗ್ಗಿ ಶೂ ಬಿಚ್ಚುತ್ತಿದ್ದವರನ್ನು ನೋಡಿದ್ದೇ ಕೊನೆ. ಎರಡು ಮಳೆಗಾಲ ಕಳೆದ ಮೇಲೆ, ಕಾರವಾರದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಆ ಎರಡು ವರ್ಷ ಬಂಡೆಗಳ ಕಡೆ ಕಾಲಿಡಲಿಲ್ಲವಂತೆ.

ಸುಧೀರ ಊರಿಗೆ ಹೋಗಿ ಎಲ್ಲ ಮುಗಿಸಿ ಬಂದ. ನಂತರದ ಯುಗಾದಿ ಕಾರ್ಯಕ್ರಮದಲ್ಲಿ ಕೂಟದವರು ಅತ್ತೆಗೆ ಶ್ರದ್ಧಾಂಜಲಿ ಇಟ್ಟುಕೊಂಡರು. ಅದೇ ನಾಗೇಂದ್ರ, ನಿಜವಾದ ದುಃಖದಿಂದಲೇ, ಹೇಳಿದರು: "ದತ್ತಾತ್ರೇಯಿ ಎಂಬ ಹೊಸ ನಕ್ಷತ್ರ ಮೀನನ್ನು ಲೋಕಕ್ಕೆ ಕೊಟ್ಟ ನಮ್ಮ ಕುಮುದಾ ಮೇಡಂ ಇನ್ನಿಲ್ಲ. ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಬೇಕು." ಸಭೆಯೆಲ್ಲ ಎದ್ದಿತು. ನಾನೂ ಎದ್ದೆ. ಅದು ಸುಳ್ಳು ಎಂದು ಹೇಳಬೇಕು. ಆದರೆ ಮೌನಾಚರಣೆಯ ನಡುವೆ ಬಾಯಿ ತೆರೆಯುವುದು ಹೇಗೆ? ತಲೆ ತಗ್ಗಿಸಿ ನಿಂತೆ. ನಾನು ಅಳುತ್ತಿದ್ದೇನೆಂದುಕೊಂಡು ಪಕ್ಕದವರು ಬೆನ್ನು ಸವರಿದರು. ಮುಗಿದ ಮೇಲೆ ನಾಗೇಂದ್ರರನ್ನು ಹಿಡಿದು, ಅತ್ತೆ ಅಂದೇ ಹೇಳಿದ್ದರಲ್ಲ ಎಂದೆ. "ಹೋದವರ ಬಗ್ಗೆ ಒಳ್ಳೇದು ತಾನೇ ಹೇಳಿದ್ದು ಮೇಡಂ? ಬೇಜಾರಾಯ್ತಾ?" ಎಂದು ಅವರು ನೊಂದುಕೊಂಡರು. ನಾನೇ ಕ್ಷಮೆ ಕೇಳಿ ಬಂದೆ.

ಆ ಭಾನುವಾರ ಮಾವನಿಗೆ ಫೋನ್ ಮಾಡಿದೆ. ಕೂಟದಲ್ಲಿ ಅತ್ತೆಯನ್ನು ನೆನೆಸಿಕೊಂಡರು ಎಂದೆ.

"ಹೌದಾ? ಏನಂದ್ರು ಅಕಿ ಬಗ್ಗೆ?"

"ಕಾಲೇಜಲ್ಲಿ ಒಳ್ಳೆ ಪಾಠ ಹೇಳ್ತಿದ್ರು ಅಂದ್ರು ಮಾವ."

"ಛಲೋ ಆತು. ಮತ್ತ?"

"ಅಷ್ಟೇ ಮಾವ."

"ಆ ನಕ್ಷತ್ರದ್ದು ಏನೂ ಅನ್ನಲಿಲ್ಲೇನು ಯಾರೂ?"

ಅಂದರು, ಬಾಯಿ ತುಂಬ ಅಂದರು, ಇಡೀ ಸಭೆ ನಿಮ್ಮ ಹೆಸರಿಗೆ ಎದ್ದು ನಿಂತಿತು ಎಂದು ಹೇಳಿದ್ದರೆ ಅದು ನೂರಕ್ಕೆ ನೂರು ನಿಜವಾಗುತ್ತಿತ್ತು. ಆ ಮುದುಕನ ದನಿಯಲ್ಲಿದ್ದ ಆಸೆ ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಆದರೆ ಅಷ್ಟು ಸಾಕು ಎಂದಿದ್ದ ಅತ್ತೆಗೆ ಆಯಿತು ಎಂದು ಮಾತು ಕೊಟ್ಟಿದ್ದೆ.

"ಇಲ್ಲ ಮಾವ" ಎಂದೆ. ಅತ್ತೆ ತುಂಬಿದ ಸಭೆಯಲ್ಲಿ ನಿಜ ಹೇಳಿ ಅವರಿಂದ ತೆಗೆದುಕೊಂಡದ್ದನ್ನು, ನಾನು ಫೋನಿನಲ್ಲಿ ಸುಳ್ಳು ಹೇಳಿ ಎರಡನೆಯ ಸಲ ತೆಗೆದುಕೊಂಡೆ.